ಗ್ರೂಪ್ ಕ್ಲಾಸಾ, ಪರ್ಸನಲ್ ಟ್ರೇನರಾ? ದುಡ್ಡು ಕಟ್ಟುವ ಮೊದಲೂ ಆಮೇಲೂ ಮಾಡಬೇಕಾದ ಏಳು ಕೆಲಸ

ಜನವರಿ ಬಂದರೆ ಸಾಕು, ಇದೇ ಪ್ರಶ್ನೆ. "ಮನೆ ಹತ್ತಿರ ಹೊಸ ಫಿಟ್‌ನೆಸ್ ಸೆಂಟರ್ ಆಗಿದೆ. ಗ್ರೂಪ್ ಕ್ಲಾಸಿಗೆ ಸೇರಲಾ, ಇಲ್ಲಾ ಪರ್ಸನಲ್ ಟ್ರೇನರ್ ಇಟ್ಕೊಳ್ಳಲಾ?" ಯುಗಾದಿ ಹೊತ್ತಿಗೆ ಅದೇ ಜನ ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಾರೆ: "ಕಟ್ಟಿದ ದುಡ್ಡು ವಾಪಸ್ ಬರುತ್ತಾ?" ಮೊದಲನೆಯದಕ್ಕೆ ಕೂತು ಯೋಚಿಸಿದ್ದರೆ ಎರಡನೆಯದು ಏಳುತ್ತಲೇ ಇರಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟ್ರೇನರ್ ಕಲಿಸುವುದು ಹೇಗೆ ಮಾಡಬೇಕು ಅಂತ. ಗ್ರೂಪ್ ಕೊಡುವುದು ಇವತ್ತೂ ಹೋಗಬೇಕು ಅನ್ನುವ ಎಳೆತ. ಬೆವರು ಎರಡು ಕಡೆಯೂ ಹರಿಯುತ್ತದೆ. ನಿಮ್ಮಲ್ಲಿ ಯಾವುದು ಕಡಿಮೆ ಇದೆಯೋ ಅದಕ್ಕೆ ದುಡ್ಡು ಕೊಡಿ. ಹೊಸಬರಿಗೆ ಬಹಳ ಸಲ ಸರಿಹೋಗುವ ದಾರಿ ಅಂದರೆ, ಮೊದಲು ಹತ್ತು-ಹನ್ನೆರಡು ಸೆಷನ್ ಟ್ರೇನರ್ ಹತ್ತಿರ ಕಲಿತು, ಆಮೇಲೆ ಗ್ರೂಪಿಗೆ ಹೋಗುವುದು. ಕಾರು ಕಲಿಯಲು ಡ್ರೈವಿಂಗ್ ಸ್ಕೂಲಿಗೆ ಹೋಗುತ್ತೀವಿ. ಹಾಗಂತ ಜೀವನಪೂರ್ತಿ ಪಕ್ಕದಲ್ಲಿ ಮೇಷ್ಟ್ರನ್ನು ಕೂರಿಸಿಕೊಳ್ಳಲ್ಲ, ಅಲ್ವಾ?

ಈ ದಾರಿ ಎಲ್ಲರಿಗೂ ಒಗ್ಗುವುದಿಲ್ಲ. ನಿಮಗೆ ಒಗ್ಗುತ್ತದೋ ಇಲ್ಲವೋ ಅಂತ ತಿಳಿಯಲು ಏಳು ಹಂತ ಇವೆ. ಮೊದಲ ಆರಕ್ಕೆ ಒಂದು ವಾರ ಸಾಕು, ಏಳನೆಯದು ಸೇರಿದ ಮೇಲಿನದು. ಅಷ್ಟು ದಿನ ಆಫರ್ ಮುಗಿದುಹೋಗುತ್ತೆ ಅಂತ ಯಾರು ಫೋನ್ ಮಾಡಿದರೂ "ನೋಡೋಣ" ಅನ್ನಿ. ಆ ಆಫರ್ ಮುಂದಿನ ತಿಂಗಳೂ ಇರುತ್ತದೆ.

ಮೊದಲು ಒಂದಿಷ್ಟು ಪದಗಳು

ಈ ಲೋಕದಲ್ಲಿ ಅರ್ಧ ಗೊಂದಲ ಹುಟ್ಟುವುದು ಪದಗಳಿಂದ.

ಗ್ರೂಪ್ ಕ್ಲಾಸುಗಳಲ್ಲಿ ಬಹಳ ಸಲ ಮಾಡಿಸುವುದು ಹಿಟ್, ಅಂದರೆ ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೇನಿಂಗ್. ಸ್ವಲ್ಪ ಹೊತ್ತು ಮೈಯಲ್ಲಿರುವ ಶಕ್ತಿಯೆಲ್ಲಾ ಹಾಕಿ ಮಾಡುವುದು, ಸ್ವಲ್ಪ ಹೊತ್ತು ಬಿಡುವು, ಮತ್ತೆ ಅದೇ. ಬಿಡುವು ಇದ್ದರೇನೇ ಅದು ಹಿಟ್. ಮುಕ್ಕಾಲು ಗಂಟೆ ಒಂದೇ ಸಮ ಕುಣಿಸಿದರೆ ಅದು ಕಾರ್ಡಿಯೋ (ಹೃದಯ-ಉಸಿರಿನ ವ್ಯಾಯಾಮ) ಅಷ್ಟೆ, ಬೋರ್ಡಿನಲ್ಲಿ ಏನೇ ಬರೆದಿರಲಿ.

ತಬಾಟ ಅನ್ನುವುದು ಹಿಟ್‌ನ ಒಂದು ಬಗೆ. 20 ಸೆಕೆಂಡ್ ಕೆಲಸ, 10 ಸೆಕೆಂಡ್ ಬಿಡುವು, ಎಂಟು ಸುತ್ತು. ಒಟ್ಟು ನಾಲ್ಕೇ ನಿಮಿಷ. ಜಪಾನಿನ ಇಝುಮಿ ತಬಾಟ ಅವರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಹೆಸರು ಬಂತು. ಅಲ್ಲಿ ಸೈಕಲ್ ತುಳಿದವರು ಮೊದಲೇ ಗಟ್ಟಿಯಾಗಿದ್ದ ಹರೆಯದ ವಿದ್ಯಾರ್ಥಿಗಳು. ಎಂಟನೇ ಸುತ್ತಿನ ಹೊತ್ತಿಗೆ ಇನ್ನು ಕಾಲು ಎತ್ತಲಾಗದು ಅನ್ನುವಷ್ಟು ತುಳಿದಿದ್ದರು. ಹಾಗಾಗಿ "ನಲವತ್ತೈದು ನಿಮಿಷದ ತಬಾಟ" ಅಂತ ಯಾರಾದರೂ ಹೇಳಿದರೆ ಒಳಗೊಳಗೇ ನಕ್ಕುಬಿಡಿ.

ಆಮ್ರ್ಯಾಪ್ ಅಂದರೆ ಕೊಟ್ಟ ಸಮಯದಲ್ಲಿ ಎಷ್ಟಾಗುತ್ತೋ ಅಷ್ಟು ಸುತ್ತು. ಈಮಾಮ್ (EMOM) ಅಂದರೆ ಪ್ರತಿ ನಿಮಿಷದ ಆರಂಭಕ್ಕೆ ಹೇಳಿದಷ್ಟು ಎಣಿಕೆ ಮುಗಿಸಿ, ಉಳಿದ ಸೆಕೆಂಡುಗಳಲ್ಲಿ ಸುಧಾರಿಸಿಕೊಳ್ಳುವುದು. ರೆಪ್ ಅಂದರೆ ಒಂದು ಎಣಿಕೆ, ಸೆಟ್ ಅಂದರೆ ಎಣಿಕೆಗಳ ಒಂದು ಕಂತು. ಫಾರ್ಮ್ ಅಂದರೆ ಮೈ ಇಟ್ಟುಕೊಳ್ಳುವ ರೀತಿ: ಬೆನ್ನು ಹೇಗಿದೆ, ಮಂಡಿ ಯಾವ ಕಡೆ ಹೋಗುತ್ತಿದೆ ಅನ್ನುವುದು. ಪಿಟಿ ಅಂದರೆ ಇಲ್ಲಿ ಪರ್ಸನಲ್ ಟ್ರೇನಿಂಗ್. ಶಾಲೆಯ ಪಿಟಿ ಪೀರಿಯಡ್ ಅಲ್ಲ.

1. ಮೈಯ ಲೆಕ್ಕ ತೆಗೆಯಿರಿ, ಬೇಕಿದ್ದರೆ ಡಾಕ್ಟರ್ ಹತ್ತಿರ ಹೋಗಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಆಮೇಲೆ ಎಷ್ಟೋ ದಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಬಂದವರ ಸಾಲು. ಜಿಮ್ಮಿಗೆ ಹೋಗುವುದನ್ನೇ ಬಿಟ್ಟವರನ್ನೂ ನೋಡಿದ್ದೇನೆ. ಎರಡೂ ಹೆದರಿಕೆಯಿಂದ ಆಗಿದ್ದು. ಹೆದರಿ ಬಿಡುವುದೂ ಬೇಡ, ನೋಡದೆ ನುಗ್ಗುವುದೂ ಬೇಡ.

ಈ ಕೆಳಗಿನದರಲ್ಲಿ ಒಂದಕ್ಕೆ ಹೌದು ಅಂದರೂ ಹಿಟ್ ಶುರು ಮಾಡುವ ಮೊದಲು ಡಾಕ್ಟರ್ ಜೊತೆ ಮಾತಾಡಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದಾ? ತಲೆ ಸುತ್ತಿ ಬಿದ್ದದ್ದು ಇದೆಯಾ? ಬಿಪಿ, ಸಕ್ಕರೆ, ಹೃದಯ, ಅಸ್ತಮಾ, ಕಿಡ್ನಿ ಏನಾದರೂ ಇದೆಯಾ? ಅಪ್ಪ, ಅಮ್ಮ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿತ್ತಾ? ಬೀಡಿ-ಸಿಗರೇಟು ಇದೆಯಾ? ಗರ್ಭಿಣಿಯಾ, ಹೆರಿಗೆಯಾಗಿ ವರ್ಷ ತುಂಬಿಲ್ಲವಾ? ವರ್ಷಗಟ್ಟಲೆ ಕುರ್ಚಿ ಬಿಟ್ಟು ಅಲುಗಾಡಿಲ್ಲವಾ?

ಇಲ್ಲಿ ಜನ ಎಡವುವ ಜಾಗ ಒಂದಿದೆ. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದೆ ಅಂದರೆ ಎಲ್ಲಾ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಅದು ಹೃದಯ ಆರಾಮಾಗಿರುವ ಹೊತ್ತಿನ ಚಿತ್ರ. ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅನ್ನುವುದನ್ನು ಡಾಕ್ಟರ್ ಹೇಳಲಿ, ಜಿಮ್ಮಿನ ಮ್ಯಾನೇಜರ್ ಅಲ್ಲ.

ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎರಡು ವಿಷಯ ನೆನಪಿಡಿ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್ ಇದ್ದರೆ ನಾಡಿ ಬಡಿತ ಜಾಸ್ತಿ ಏರುವುದೇ ಇಲ್ಲ. ಕೈಗೆ ಕಟ್ಟಿದ ವಾಚು "ಇನ್ನೂ ಜೋರಾಗಿ" ಅಂತ ಹೇಳುತ್ತಲೇ ಇರುತ್ತದೆ. ಅದರ ಮಾತು ಕೇಳಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಇದ್ದರೆ ವ್ಯಾಯಾಮದ ನಡುವೆಯೋ ಆಮೇಲೋ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುವುದು, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಅದರ ಗುರುತು. ಬ್ಯಾಗಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ, ಕಲಿಸುವವರಿಗೂ ಮೊದಲೇ ಹೇಳಿರಿ.

ಹೆರಿಗೆಯಾದವರಿಗೆ ಒಂದು ಮಾತು. ಜಂಪಿಂಗ್ ಜ್ಯಾಕ್ ಮಾಡುವಾಗ, ಸ್ಕಿಪ್ಪಿಂಗ್ ಮಾಡುವಾಗ ಒಂದೆರಡು ಹನಿ ಮೂತ್ರ ಜಾರುತ್ತದೆ ಅಂತ ಬಹಳ ಜನ ಯಾರ ಹತ್ತಿರವೂ ಹೇಳದೆ ಕ್ಲಾಸೇ ಬಿಟ್ಟುಬಿಡುತ್ತಾರೆ. ನಾಚಿಕೆ ಪಡುವಂಥದ್ದೇನೂ ಇಲ್ಲ, ಮೂತ್ರ ತಡೆದಿಡುವ ಕೆಳಗಿನ ಸ್ನಾಯು (ಪೆಲ್ವಿಕ್ ಫ್ಲೋರ್) ಇನ್ನೂ ಬಿಗಿಯಾಗಿಲ್ಲ ಅಷ್ಟೆ. ಇಂಥವರಿಗೆ ಹಾರುವ ಕ್ಲಾಸು ಈಗ ಬೇಡ. ಫಿಸಿಯೋಥೆರಪಿಸ್ಟ್ ಅಥವಾ ಇದರಲ್ಲಿ ಪಳಗಿದ ಟ್ರೇನರ್ ಸರಿ.

2. ಹೋದ ಸಲ ಯಾಕೆ ಬಿಟ್ಟಿರಿ ಅಂತ ಒಂದು ಸಾಲು ಬರೆಯಿರಿ

ಒಂದೇ ಸಾಲು ಸಾಕು, ನಿಜವಾದದ್ದಾಗಿರಲಿ. "ಟೈಮ್ ಸಿಗಲಿಲ್ಲ" ಅಂತ ಬರೆದಿದ್ದರೆ ಹೊಡೆದುಹಾಕಿ ಇನ್ನೊಮ್ಮೆ ಬರೆಯಿರಿ.

"ಬೋರ್ ಆಯ್ತು", "ಒಬ್ಬನೇ ಹೋಗೋಕೆ ಮನಸ್ಸು ಬರಲಿಲ್ಲ" ಅಂತ ಬಂದರೆ ನೀವು ಗ್ರೂಪಿನ ಕಡೆಯವರು. "ಮಂಡಿ ಹಿಡ್ಕೊಂಡ್ತು", "ಯಾವ ಮಷೀನ್ ಏನು ಅಂತ ಗೊತ್ತಾಗಲಿಲ್ಲ", "ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅನ್ನಿಸ್ತು" ಅಂತ ಬಂದರೆ ಟ್ರೇನರ್ ಕಡೆಯವರು. "ಆರು ತಿಂಗಳಾದ್ರೂ ಏನೂ ಬದಲಾಗಲಿಲ್ಲ" ಅಂತಾದರೆ ಸ್ವಲ್ಪ ಕಷ್ಟ. ಅದು ವ್ಯಾಯಾಮದ ತೊಂದರೆಯೋ ತಟ್ಟೆಯ ತೊಂದರೆಯೋ ಮೊದಲು ನೋಡಬೇಕು. ತಟ್ಟೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾಕಿಕೊಂಡು ಬೆಳಿಗ್ಗೆ ಎಷ್ಟು ಬೆವರು ಸುರಿಸಿದರೂ ತೂಕ ಇಳಿಯಲ್ಲ. ಅದಕ್ಕೆ ಗ್ರೂಪೂ ಹೊಣೆಯಲ್ಲ, ಟ್ರೇನರೂ ಅಲ್ಲ.

3. ಮನೆಯಲ್ಲೇ ಕೋಲಿನ ಪರೀಕ್ಷೆ

ಈ ಹಂತ ದಯವಿಟ್ಟು ಬಿಡಬೇಡಿ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ನೆಲ ಒರೆಸುವ ಮಾಪಿನ ಕೋಲು ತೆಗೆದುಕೊಳ್ಳಿ. ಬೆನ್ನ ಹಿಂದೆ ನೇರವಾಗಿ ನಿಲ್ಲಿಸಿ ಹಿಡಿಯಿರಿ: ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು. ತಲೆಯ ಹಿಂಭಾಗ, ಬೆನ್ನಿನ ನಡು, ಕೆಳಗಿನ ಬಾಲಮೂಳೆ. ಈಗ ಮಂಡಿ ಚೂರೇ ಸಡಿಲ ಬಿಟ್ಟು ಮುಂದಕ್ಕೆ ಬಾಗಿ. ಸೊಂಟದಿಂದ ಬಾಗಬೇಕು. ಕೈಯಲ್ಲಿ ಸಾಮಾನು ತುಂಬಿಕೊಂಡಾಗ ಕಾರಿನ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುತ್ತೀವಲ್ಲ, ಹಾಗೆ ಹಿಂಬದಿ ಹಿಂದಕ್ಕೆ ಹೋಗಬೇಕು. ಮನೆಯವರಿಗೆ ಪಕ್ಕದಿಂದ ಒಂದು ವಿಡಿಯೋ ತೆಗೆಯಲು ಹೇಳಿ.

ಬಾಗುವಾಗ ಮೂರರಲ್ಲಿ ಒಂದು ಜಾಗದಲ್ಲಿ ಕೋಲು ಬಿಟ್ಟುಕೊಂಡಿತಾ? ಬೆನ್ನು ಗೂನಾಗಿ ಬಾಲಮೂಳೆಯ ಹತ್ತಿರ ಸಂದು ಬಂತಾ? ಹಾಗಿದ್ದರೆ ನಿಮಗೆ ಇನ್ನೂ ಸೊಂಟದಿಂದ ಬಾಗಲು ಬರುವುದಿಲ್ಲ. ಇಂಗ್ಲಿಷಿನವರು ಹಿಂಜ್ ಅನ್ನುವುದು ಇದಕ್ಕೇ. ಬಾಗಿಲ ತಿರುಗಣಿಯ ಥರ ಸೊಂಟ ಮಡಚಬೇಕು. ಕೆಟಲ್‌ಬೆಲ್ ಸ್ವಿಂಗ್ (ಹಿಡಿಕೆಯಿರುವ ಕಬ್ಬಿಣದ ಗುಂಡು ಬೀಸುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ನೆಲದಿಂದ ಚೆಂಡು ಎತ್ತಿ ಎಸೆಯುವುದು, ಎಲ್ಲದಕ್ಕೂ ಇದೇ ತಳಪಾಯ. ಇದು ಬಾರದೆ ಗಡಿಯಾರದ ಮುಂದೆ ನಿಂತು ಭಾರ ಬೀಸಿದರೆ ಪೆಟ್ಟು ತಿನ್ನುವುದು ಕೆಳಬೆನ್ನು. ನಾನೂ ತಿಂದಿದ್ದೇನೆ. ಕ್ಲಾಸಿಗೆ ಸೇರಿ ಮೂರನೇ ವಾರಕ್ಕೆ ಬೆನ್ನು ಹಿಡಿದುಕೊಂಡು, ಹತ್ತು ದಿನ ಶೂ ಲೇಸ್ ಕಟ್ಟಲು ಮಗನನ್ನು ಕರೆಯಬೇಕಾಯಿತು.

ಇನ್ನೂ ಮೂರು ಸಣ್ಣ ಪರೀಕ್ಷೆ. ಊಟದ ಕುರ್ಚಿಯ ಮೇಲೆ ಕೈ ಊರದೆ ಹತ್ತು ಸಲ ಕೂತು ಏಳಿ, ಮಂಡಿ ಒಳಕ್ಕೆ ವಾಲುತ್ತದಾ ನೋಡಿ. ಮೊಣಕೈ ಊರಿ ಪ್ಲ್ಯಾಂಕ್ ಹಿಡಿಯಿರಿ, ಅಂದರೆ ಮೈ ಹಲಗೆಯ ಥರ ನೇರ ಇಡುವುದು. ಅರ್ಧ ನಿಮಿಷ ಸೊಂಟ ಜೋತುಬೀಳದೆ ನಿಲ್ಲುತ್ತದಾ? ಕೊನೆಗೆ ಮೂರು ಮಹಡಿ ಹತ್ತಿ, ಮೇಲೆ ನಿಂತು ಒಂದು ವಾಕ್ಯ ಪೂರ್ತಿ ಹೇಳಿ. ಎರಡೆರಡು ಪದಕ್ಕೆ ಉಸಿರು ಎಳೆಯಬೇಕಾದರೆ ನಿಮಗೆ ಮೆಟ್ಟಿಲೇ ಸದ್ಯಕ್ಕೆ ಹಿಟ್.

ನಾಲ್ಕೂ ಸಲೀಸಾಗಿ ಆದರೆ ನೇರ ಗ್ರೂಪಿಗೆ ಹೋಗಬಹುದು. ಕೋಲಿನದು, ಕುರ್ಚಿಯದು ಎರಡರಲ್ಲಿ ಒಂದು ಕೈಕೊಟ್ಟರೂ ಮೊದಲು ಟ್ರೇನರ್. ಬರೀ ಮೆಟ್ಟಿಲಲ್ಲಿ ಸೋತರೆ ಎರಡಕ್ಕೂ ದುಡ್ಡು ಬೇಡ. ಒಂದೂವರೆ ತಿಂಗಳು ದಿನಾ ಅರ್ಧ ಗಂಟೆ ಬಿರಬಿರನೆ ನಡೆದು ಬನ್ನಿ.

4. ಗ್ರೂಪ್ ಕ್ಲಾಸನ್ನು ಹೊರಗೆ ನಿಂತು ನೋಡಿ

ಬಹಳ ಕಡೆ ಟ್ರಯಲ್ ಕ್ಲಾಸ್ ಉಚಿತವಾಗಿ ಕೊಡುತ್ತಾರೆ. ಅದನ್ನು ಮಾಡುವ ಮೊದಲು ಇನ್ನೊಂದು ಬ್ಯಾಚ್ ನಡೆಯುವಾಗ ಗಾಜಿನ ಆಚೆ ನಿಂತು ಇಡೀ ಕ್ಲಾಸ್ ನೋಡಿ. ನೋಡಬೇಡಿ ಅಂತ ಅವರು ಅಂದರೆ ಅಲ್ಲಿಗೆ ಸೇರುವುದೂ ಬೇಡ.

ಮೊದಲ ಹತ್ತು ನಿಮಿಷ ನೋಡಿ ಮರುಳಾಗಬೇಡಿ. ಹಾಡು, ಲೈಟು, ಚಪ್ಪಾಳೆ, ಎಲ್ಲರಿಗೂ ಹುರುಪು. ನೋಡಬೇಕಾದದ್ದು ಮೂರನೇ ಸುತ್ತು. ಆಗ ಜನ ಸುಸ್ತಾಗಿರುತ್ತಾರೆ. ಬರ್ಪಿಯನ್ನೇ ತೆಗೆದುಕೊಳ್ಳಿ: ಕೂತು, ಕೈ ನೆಲಕ್ಕೂರಿ, ಕಾಲು ಹಿಂದಕ್ಕೆ ಎಸೆದು, ಎದೆ ಇಳಿಸಿ, ಮತ್ತೆ ಕಾಲು ಎಳೆದುಕೊಂಡು ಹಾರುವುದು. ಮೊದಲ ಸುತ್ತಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಮೂರನೆಯದರಲ್ಲಿ ಹಿಂದಿನ ಸಾಲಿನ ಒಬ್ಬರ ಸೊಂಟ ಉಯ್ಯಾಲೆ ಥರ ಜೋತುಬೀಳುತ್ತಿರುತ್ತದೆ. ಇನ್ನೊಬ್ಬರು ಹಾರಿ ಇಳಿಯುವಾಗ ಮಂಡಿ ಒಂದಕ್ಕೊಂದು ತಾಗುತ್ತಿರುತ್ತದೆ. ಆ ಹೊತ್ತಿಗೆ ಕೋಚ್ ಎಲ್ಲಿದ್ದಾರೆ? ಮೈಕ್ ಹಿಡಿದು "ಇನ್ನೂ ಹತ್ತು ಸೆಕೆಂಡ್, ಬಿಡಬೇಡಿ" ಅಂತ ಕೂಗುತ್ತಾ ಮುಂದೆಯೇ ನಿಂತಿದ್ದಾರಾ? ಹಿಂದಿನ ಸಾಲಿಗೆ ನಡೆದು ಹೋಗಿ, "ಹಾರಬೇಡಿ, ಒಂದೊಂದೇ ಕಾಲು ಹಿಂದಕ್ಕಿಡಿ" ಅಂತ ಮೆಲ್ಲಗೆ ಹೇಳಿದರಾ? ಎರಡನೆಯದು ಕಂಡರೆ ಕ್ಲಾಸ್ ಒಳ್ಳೆಯದು. ಮೊದಲನೆಯದು ಕಂಡರೆ ಅವರು ನಿರೂಪಕರು, ಕೋಚ್ ಅಲ್ಲ.

ಮೈಸೂರಿನ ಗರಡಿ ಮನೆಗಳಲ್ಲೂ ಹುಡುಗರು ಗುಂಪಾಗಿಯೇ ಸಾಮು ಮಾಡುತ್ತಾರೆ. ಆದರೆ ಉಸ್ತಾದರ ಕಣ್ಣು ಒಬ್ಬೊಬ್ಬನ ಬಸ್ಕಿಯ ಮೇಲೂ ಇರುತ್ತದೆ. ಹೊಸಬನ ಕೈಗೆ ಮೊದಲ ದಿನವೇ ಗದೆ ಬರುವುದಿಲ್ಲ. ಒಳ್ಳೆ ಗ್ರೂಪ್ ಕ್ಲಾಸ್ ಅಂದರೆ ಅದೇ.

ಎಣಿಸಬೇಕಾದ್ದು ತಲೆ. ಒಬ್ಬ ಕೋಚಿಗೆ ಹತ್ತು-ಹನ್ನೆರಡು ಜನ ಇದ್ದರೆ ಹೊಸಬರಿಗೂ ನಡೆಯುತ್ತದೆ. ಇಪ್ಪತ್ತೈದು ಇದ್ದರೆ ನಿಮ್ಮ ಬೆನ್ನು ನೋಡಲು ಅವರಿಗೆ ಕಣ್ಣಿಲ್ಲ. ಇದು ನನ್ನ ಅಳತೆ, ಎಲ್ಲೂ ಬರೆದಿಟ್ಟ ನಿಯಮ ಅಲ್ಲ. ಸಂಜೆ ಏಳರ ಬ್ಯಾಚ್ ತುಂಬಿ ತುಳುಕುವ ಜಾಗದಲ್ಲೇ ಬೆಳಿಗ್ಗೆ ಹನ್ನೊಂದಕ್ಕೆ ಆರು ಜನ ಇರುತ್ತಾರೆ. ಕೆಲಸದ ಹೊತ್ತು ನಿಮ್ಮ ಕೈಯಲ್ಲಿದ್ದರೆ ಅದನ್ನೇ ಹಿಡಿಯಿರಿ. ಅರ್ಧ ಟ್ರೇನರ್ ಪುಕ್ಕಟೆ ಸಿಕ್ಕಂತೆ.

ಟ್ರಯಲ್ ಮಾಡುವ ದಿನ ಬಾಗಿಲಲ್ಲೇ ಹೇಳಿ, "ನಂಗೆ ಎಡ ಮಂಡಿ ಸ್ವಲ್ಪ ನೋವಿದೆ" ಅಂತ. ಕ್ಲಾಸ್ ನಡುವೆ ಅವರಿಗೆ ಅದು ನೆನಪಿತ್ತಾ ನೋಡಿ. ಹಾರುವ ಬದಲು ಮಾಡಲು ಬೇರೆ ಏನಾದರೂ ಕೊಟ್ಟರಾ? ಹೀಗೆ ಬದಲಿ ಕೊಡುವುದಕ್ಕೆ ಸ್ಕೇಲಿಂಗ್ ಅನ್ನುತ್ತಾರೆ. "ಏನಾಗಲ್ಲ ಸರ್, ಮಾಡ್ತಾ ಮಾಡ್ತಾ ಸರಿಹೋಗುತ್ತೆ" ಅಂದರೆ ನಮಸ್ಕಾರ ಹೇಳಿ ಬನ್ನಿ.

5. ಟ್ರೇನರನ್ನು ಮಾತಾಡಿಸಿ

ನಮ್ಮ ದೇಶದಲ್ಲಿ ಟ್ರೇನರ್ ಆಗಲು ಡಾಕ್ಟರಿಗೋ ವಕೀಲರಿಗೋ ಇರುವಂಥ ಕಡ್ಡಾಯ ಲೈಸೆನ್ಸ್ ಇಲ್ಲ. ತೋಳು ದಪ್ಪ ಇದ್ದವರೆಲ್ಲಾ ಟ್ರೇನರ್ ಆಗಬಹುದು, ಆಗುತ್ತಲೂ ಇದ್ದಾರೆ. ಹಾಗಾಗಿ ಸರ್ಟಿಫಿಕೇಟ್ ಕೇಳುವುದು ಅವಮಾನ ಮಾಡಿದಂತೆ ಅಲ್ಲ. ಹೊರದೇಶದ ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂ, ಎನ್‌ಎಸ್‌ಸಿಎ ಹೆಸರುವಾಸಿ. ಮುಂಬೈಯ ಕೆ11 ಥರದ ನಮ್ಮಲ್ಲಿನ ಸಂಸ್ಥೆಗಳೂ ಇವೆ. ದೈಹಿಕ ಶಿಕ್ಷಣದಲ್ಲಿ ಪದವಿ ಮಾಡಿದವರೂ ಇರುತ್ತಾರೆ. ಹೆಸರು ಯಾವುದೇ ಇರಲಿ, ಸರ್ಟಿಫಿಕೇಟಿನ ಅವಧಿ ಮುಗಿದಿದೆಯಾ ನೋಡಿ. ಸಿಪಿಆರ್ ಬರುತ್ತಾ ಅಂತಲೂ ಕೇಳಿ. ಸಿಪಿಆರ್ ಅಂದರೆ ಹೃದಯ ನಿಂತಾಗ ಎದೆ ಒತ್ತಿ ರಕ್ತ ಓಡಾಡುವಂತೆ ಮಾಡುವ ತುರ್ತು ಚಿಕಿತ್ಸೆ. ಗ್ರೂಪ್ ಕೋಚಿಗೂ ಇದೇ ಪ್ರಶ್ನೆ ಹಾಕಿ.

ಸರ್ಟಿಫಿಕೇಟಿಗಿಂತ ಜಾಸ್ತಿ ಹೇಳುವುದು ಮೊದಲ ಅರ್ಧ ಗಂಟೆ. ಒಳ್ಳೆಯವರು ಮೊದಲು ಕೇಳುತ್ತಾರೆ: ಏನು ಕೆಲಸ, ಎಷ್ಟು ಹೊತ್ತು ಕೂರುತ್ತೀರಿ, ಯಾವ ಮಾತ್ರೆ, ಎಷ್ಟು ನಿದ್ದೆ, ಎಲ್ಲಿ ನೋವು. ನೀವು ಮಾಡಿದ ಕೋಲಿನ ಪರೀಕ್ಷೆಯಂಥದ್ದೇ ನಾಲ್ಕೈದು ಮಾಡಿಸುತ್ತಾರೆ. ಬರೆದುಕೊಳ್ಳುತ್ತಾರೆ. ಆ ಪುಸ್ತಕವೇ ಮುಖ್ಯ. ಹೋದ ವಾರ ಎಷ್ಟು ಕೆಜಿ, ಎಷ್ಟು ಎಣಿಕೆ ಅಂತ ಬರೆದಿಡದ ಟ್ರೇನರ್‌ಗೆ ಈ ವಾರ ಎಷ್ಟು ಏರಿಸಬೇಕು ಅಂತ ಗೊತ್ತಾಗುವುದು ಹೇಗೆ? ಹೀಗೆ ಚೂರುಚೂರೇ ಭಾರವನ್ನೋ ಎಣಿಕೆಯನ್ನೋ ಏರಿಸುತ್ತಾ ಹೋಗುವುದಕ್ಕೆ ಪ್ರೊಗ್ರೆಸಿವ್ ಓವರ್‌ಲೋಡ್ ಅನ್ನುತ್ತಾರೆ. ನೀವು ಟ್ರೇನರ್‌ಗೆ ದುಡ್ಡು ಕೊಡುವುದೇ ಅದಕ್ಕೆ. ಅದಿಲ್ಲದಿದ್ದರೆ ಅವರು ಎಣಿಸಲು ಬಂದ ಜೊತೆಗಾರ ಮಾತ್ರ.

ಜಾಗ ಖಾಲಿ ಮಾಡಬೇಕಾದ ಗುರುತುಗಳು ಇವು. ಮೊದಲ ದಿನವೇ ಏಳಲಾಗದಷ್ಟು ಸುಸ್ತು ಮಾಡಿಸಿ "ಹೇಗಿತ್ತು ನಮ್ಮ ವರ್ಕೌಟ್" ಅನ್ನುವುದು. ನೀವು ಬಸ್ಕಿ ಹೊಡೆಯುವಾಗ ಅವರು ಫೋನ್ ನೋಡುವುದು. ತಾವೇ ಪ್ರೋಟೀನ್ ಡಬ್ಬ ಮಾರುವುದು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇಲ್ಲದ ಡಬ್ಬವನ್ನಂತೂ ಮುಟ್ಟಲೇಬೇಡಿ. "ಬೇಗ ರಿಸಲ್ಟ್ ಬೇಕಾ?" ಅಂತ ದನಿ ತಗ್ಗಿಸಿ ಇಂಜೆಕ್ಷನ್ ಮಾತು ಎತ್ತಿದರೆ ಅವತ್ತೇ ಕೊನೆ. ಹೃದಯ, ಲಿವರ್ ಎರಡನ್ನೂ ಕೆಡಿಸುವ ಸ್ಟೀರಾಯ್ಡ್ ಹೀಗೇ ಕೈಗೆ ಬರುವುದು. ಇನ್ನು, ಬೆನ್ನು ನೋವನ್ನು ತಾವೇ ಗುಣಮಾಡುತ್ತೇವೆ ಅನ್ನುವವರೂ ಇದ್ದಾರೆ. ಅದು ಫಿಸಿಯೋಥೆರಪಿಸ್ಟ್ ಕೆಲಸ. ಸಕ್ಕರೆ ಕಾಯಿಲೆಗೆ ಊಟದ ಪಟ್ಟಿ ಕೊಡುವುದು ಡಯಟಿಷಿಯನ್ ಕೆಲಸ.

ಮುಟ್ಟಿ ತಿದ್ದುವ ವಿಷಯವನ್ನು ಮೊದಲ ದಿನವೇ ಮಾತಾಡಿಕೊಳ್ಳಿ. "ಮುಟ್ಟದೆ ಬಾಯಲ್ಲಿ ಹೇಳಿ" ಅನ್ನುವ ಹಕ್ಕು ನಿಮಗಿದೆ. ಹೆಂಗಸರು ಮಹಿಳಾ ಟ್ರೇನರ್ ಬೇಕು ಅಂತ ಕೇಳಲು ಹಿಂಜರಿಯಬೇಡಿ.

ಊರಲ್ಲಿ ಒಳ್ಳೆ ಟ್ರೇನರ್ ಇಲ್ಲದಿದ್ದರೆ, ಅಥವಾ ಹೊರದೇಶದಲ್ಲಿದ್ದು ಕನ್ನಡದಲ್ಲಿ ಹೇಳಿಸಿಕೊಳ್ಳುವ ಆಸೆ ಇದ್ದರೆ, ಆನ್‌ಲೈನ್ ಟ್ರೇನರ್ ಒಂದು ದಾರಿ. ಆದರೆ ಫೋನನ್ನು ಮುಖಕ್ಕೆ ಹಿಡಿದು ನಿಲ್ಲಿಸಿದರೆ ಅವರಿಗೆ ಏನೂ ಕಾಣುವುದಿಲ್ಲ. ಏಳೆಂಟು ಅಡಿ ದೂರದಲ್ಲಿ, ಸೊಂಟದ ಎತ್ತರಕ್ಕೆ ಸ್ಟೂಲ್ ಮೇಲಿಟ್ಟು, ಪಕ್ಕಕ್ಕೆ ತಿರುಗಿ ನಿಲ್ಲಿ. ತಲೆಯಿಂದ ಪಾದದವರೆಗೆ ಕಾಣಬೇಕು. ನೋವಿರುವವರು, ಭಾರ ಎತ್ತುವುದು ಹೊಸದಾಗಿ ಕಲಿಯುವವರು ಆದಷ್ಟು ಎದುರಾಎದುರು ಕಲಿಯುವುದು ವಾಸಿ.

6. ತಿಂಗಳ ಲೆಕ್ಕ ಬಿಡಿ, ಸಲದ ಲೆಕ್ಕ ಹಾಕಿ

ಟ್ರೇನರ್ ದುಬಾರಿ ಅನ್ನುವುದು ನಿಜ. ಆದರೆ ನಾವು ಅಂದುಕೊಂಡಷ್ಟು ಅಲ್ಲ. ಉದಾಹರಣೆಗೆ ಗ್ರೂಪಿನ ಮೂರು ತಿಂಗಳ ಪ್ಯಾಕೇಜ್ 9,000 ರೂಪಾಯಿ ಅಂತಿಟ್ಟುಕೊಳ್ಳಿ. ವಾರಕ್ಕೆ ಮೂರರಂತೆ 36 ಕ್ಲಾಸ್, ಸಲಕ್ಕೆ 250 ರೂಪಾಯಿ. ಕಾಗದದ ಮೇಲೆ ಅಷ್ಟು. ಮಳೆ, ಮದುವೆ, ಆಫೀಸ್ ಮೀಟಿಂಗ್, ಸಿಲ್ಕ್ ಬೋರ್ಡ್ ಟ್ರಾಫಿಕ್ ಎಲ್ಲಾ ಕಳೆದು ನೀವು ಹೋದದ್ದು 15 ಸಲ ಆದರೆ ಒಂದು ಕ್ಲಾಸಿಗೆ 600 ಬಿತ್ತು. ಟ್ರೇನರ್ ಸಲಕ್ಕೆ 800 ಅಂದರೆ 12 ಸೆಷನ್‌ಗೆ 9,600. ಯಾರೋ ಕಾಯುತ್ತಿರುತ್ತಾರೆ ಅನ್ನುವ ಕಾರಣಕ್ಕೇ ಹನ್ನೆರಡಕ್ಕೆ ಹನ್ನೆರಡೂ ಹೋಗುತ್ತೀರಿ. ಈಗ ಸಲಕ್ಕೆ ವ್ಯತ್ಯಾಸ 200 ಮಾತ್ರ. ನಿಮ್ಮ ಬಡಾವಣೆಯ ದರ ಹಾಕಿ ಇದೇ ಲೆಕ್ಕ ಮಾಡಿ. ನಿಮ್ಮ ಹಾಜರಿಯನ್ನು ಮಾತ್ರ ಹೋದ ವರ್ಷದ್ದೇ ಹಾಕಿ, ಆಸೆಯದ್ದಲ್ಲ.

ನಡುವಿನ ದಾರಿಯೂ ಇದೆ. ಇಬ್ಬರು-ಮೂವರು ಗೆಳೆಯರು ಸೇರಿ ಒಬ್ಬ ಟ್ರೇನರನ್ನು ಹಂಚಿಕೊಳ್ಳುವುದು. ಗಂಡ-ಹೆಂಡತಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಎಣಿಕೆ ವಿಷಯಕ್ಕೆ ಜಗಳ ಆಡದಿದ್ದರೆ.

ಕಟ್ಟುವಾಗ ವರ್ಷದ್ದು ಒಟ್ಟಿಗೆ ಬೇಡ. ಮೊದಲು ಒಂದು ತಿಂಗಳು, ಹೆಚ್ಚೆಂದರೆ ಮೂರು. ನಡುವೆ ಜ್ವರ ಬಂದರೆ, ಊರಿಗೆ ಹೋದರೆ ಎಷ್ಟು ದಿನ ನಿಲ್ಲಿಸಿಡಬಹುದು? ಬೇರೆಯವರ ಹೆಸರಿಗೆ ವರ್ಗಾಯಿಸಬಹುದಾ? ಟ್ರೇನರ್ ಕೆಲಸ ಬಿಟ್ಟುಹೋದರೆ ಉಳಿದ ಸೆಷನ್ ಕಥೆ ಏನು? ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಬಿಲ್ ಕೇಳಿ ಪಡೆಯಿರಿ. ಜಿಮ್, ಯೋಗ ಕೇಂದ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಪರ್ಸೆಂಟಿನಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರ ಕಂಡರೆ ಕೇಳಿ. ದುಡ್ಡು ತೆಗೆದುಕೊಂಡು ಬಾಗಿಲು ಹಾಕಿದರೆ ಅಥವಾ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಅವರು ಮೊದಲು ಕೇಳುವುದು ಬಿಲ್.

7. ಮೊದಲ ಆರು ವಾರ

ಯಾವುದಕ್ಕೇ ಸೇರಿರಿ, ಹಿಟ್ ವಾರಕ್ಕೆ ಎರಡೇ ಸಲ. ನಡುವೆ ಒಂದೆರಡು ದಿನ ಬಿಡುವು ಇರಲಿ. ಕ್ಲಾಸಿನವರು ಅನ್‌ಲಿಮಿಟೆಡ್ ಕೊಟ್ಟಿದ್ದಾರೆ ಅಂತ ದಿನಾ ಹೋದರೆ ಒಗ್ಗರಣೆಯನ್ನೇ ಊಟ ಮಾಡಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ, ಇಲ್ಲವೇ ಎರಡನ್ನೂ ಬೆರೆಸಿದ್ದು. ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕೆಲಸ. ಬರೀ ನಡಿಗೆಯಲ್ಲೂ ಮೊದಲನೆಯದು ತುಂಬುತ್ತದೆ. ಕೊನೆಯದನ್ನು ಮಾತ್ರ ಜನ ಬಿಟ್ಟುಬಿಡುತ್ತಾರೆ, ಅದರಲ್ಲೂ ನಲವತ್ತು ದಾಟಿದವರು. ಅವರಿಗೇ ಅದು ಹೆಚ್ಚು ಬೇಕಾದದ್ದು.

ಎಷ್ಟು ಜೋರು ಅನ್ನುವುದಕ್ಕೆ ವಾಚಿಗಿಂತ ಬಾಯಿ ಸುಲಭ. ಮಾತಾಡಬಹುದು, ಹಾಡಲಾಗದು ಅಂದರೆ ಮಧ್ಯಮ. ನಾಲ್ಕು ಪದಕ್ಕೆ ಉಸಿರು ಕಟ್ಟಿದರೆ ಜೋರು. ಮಾತೇ ಹೊರಡದಿದ್ದರೆ ನೀವು ತುದಿಯಲ್ಲಿದ್ದೀರಿ. ಮೊದಲ ಮೂರು ವಾರ ಆ ತುದಿಗೆ ಹೋಗಬೇಡಿ. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಅನ್ನುವ ಸೂತ್ರ ಒಂದು ಅಂದಾಜು ಮಾತ್ರ.

ಮೈಕೈ ನೋವಿನಲ್ಲಿ ಮೂರು ಬಗೆ. ಮಾರನೇ ದಿನ ಶುರುವಾಗಿ, ಎರಡು-ಮೂರು ದಿನ ಇದ್ದು ಹೋಗುವ, ಎರಡೂ ತೊಡೆಯಲ್ಲಿ ಸಮಸಮವಾಗಿ ಇರುವ ನೋವು ಸಹಜ. ಕಮೋಡಿನ ಮೇಲೆ ಕೂರುವಾಗ ಅಯ್ಯಮ್ಮಾ ಅನ್ನಿಸುವ ಆ ನೋವಿಗೆ ಡಾಮ್ಸ್ ಅಂತ ಹೆಸರು. ಮಾಡುತ್ತಿರುವಾಗಲೇ ಒಂದೇ ಜಾಗದಲ್ಲಿ ಚುಚ್ಚುವ, ಕೀಲಿನಲ್ಲಿ ಕುಳಿತ, ಕಾಲಿಗೆ ಜೋಮು ಇಳಿಯುವ ನೋವು ಸಹಜ ಅಲ್ಲ. ಅವತ್ತೇ ನಿಲ್ಲಿಸಿ. ಮೂರನೆಯದು ಅಪರೂಪ, ಆದರೆ ಗೊತ್ತಿರಲೇಬೇಕು. ಅಭ್ಯಾಸವಿಲ್ಲದೆ ನೂರಾರು ಎಣಿಕೆ ಹೊಡೆದ ಮೇಲೆ ಸ್ನಾಯು ಊದಿಕೊಂಡು, ಕೈ ಮಡಚಲೂ ಆಗದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ರ‍್ಯಾಬ್ಡೋ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ನೀರು ಕುಡಿದು ಮಲಗಿದರೆ ಸರಿಹೋಗುತ್ತದೆ ಅಂತ ಕಾಯಬೇಡಿ, ಆ ಗಳಿಗೆಯೇ ಆಸ್ಪತ್ರೆ. ವರ್ಷಗಟ್ಟಲೆ ಬಿಟ್ಟು, "ಕಾಲೇಜಲ್ಲಿ ನಾನು ಕಬಡ್ಡಿ ಆಡ್ತಿದ್ದೆ" ಅಂತ ಮೊದಲ ದಿನವೇ ನುಗ್ಗುವವರು ಇದನ್ನು ಎರಡು ಸಲ ಓದಿ.

ಎದೆ ಬಿಗಿದು ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಸುತ್ತು ಮುಗಿಸಿ ನಿಲ್ಲಿಸೋಣ ಅನ್ನುವುದೇ ಬೇಡ. ಅಲ್ಲೇ ಕೂತು ಜನರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ.

ಆರನೇ ವಾರ ಮುಗಿದ ಭಾನುವಾರ ಮಾಪಿನ ಕೋಲನ್ನು ಮತ್ತೆ ತೆಗೆಯಿರಿ. ಅದೇ ಜಾಗ, ಅದೇ ಕುರ್ಚಿ, ಅದೇ ಮೂರು ಮಹಡಿ. ಹಳೆಯ ವಿಡಿಯೋ ಪಕ್ಕಕ್ಕಿಟ್ಟು ನೋಡಿ. ಟ್ರೇನರ್ ಹತ್ತಿರ ಇದ್ದು ಈಗ ಕೋಲು ಮೂರೂ ಕಡೆ ತಾಗುತ್ತಿದ್ದರೆ, ಅವರಿಗೆ ಥ್ಯಾಂಕ್ಸ್ ಹೇಳಿ ಗ್ರೂಪಿಗೆ ಹೋಗಬಹುದು. ತಿಂಗಳಿಗೊಂದು ಸೆಷನ್ ಮಾತ್ರ ಉಳಿಸಿಕೊಳ್ಳಿ, ಫಾರ್ಮ್ ನೋಡಿಸಿಕೊಳ್ಳಲು. ಗ್ರೂಪಿನಲ್ಲಿ ಆರು ವಾರ ಇದ್ದೂ ಕೋಲು ಹಿಂದಿನ ಹಾಗೇ ಬಿಟ್ಟುಕೊಳ್ಳುತ್ತಿದ್ದರೆ, ಬೆವರು ಎಷ್ಟೇ ಹರಿದಿರಲಿ, ಅಲ್ಲಿ ಯಾರೂ ನಿಮ್ಮ ಬೆನ್ನು ನೋಡಿಲ್ಲ. ಪ್ಯಾಕೇಜ್ ಮುಂದುವರಿಸುವ ಮೊದಲು ನಾಲ್ಕು ಸೆಷನ್ ಟ್ರೇನರ್‌ಗೆ ಕೊಡಿ. ಆ ವಿಡಿಯೋ ಫೋನಿನಲ್ಲೇ ಇರಲಿ, ಮೊದಲ ದಿನ ಅವರಿಗೆ ತೋರಿಸಲು ಬೇಕಾಗುತ್ತದೆ.